ಕಲೆಯಿಲ್ಲದ ಎಡಗೈ

ಕೊಗೊಯ್ ಮೇಡಂ ನನ್ನ ಕಡತವನ್ನು ಎರಡು ಸಲ ತಿರುವಿ ಹಾಕಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಆಗಸ್ಟ್ ಎಲ್ಲಿ?" ಎಂದರು.

ವಿದೇಶಿಯರ ಕಚೇರಿಯಲ್ಲಿ ಏಳು ವರ್ಷ ಸರದಿ ನಿಂತು ನಾನು ಕಲಿತದ್ದು ಒಂದೇ: ಕೇಳಿದ್ದಕ್ಕಷ್ಟೇ ಉತ್ತರ, ಅದೂ ಚಿಕ್ಕದಾಗಿ. ಆದರೆ ಈ ಪ್ರಶ್ನೆಯೇ ತಲೆಗೆ ಹೋಗಲಿಲ್ಲ.

"ನೀವು ಎರಡನೇ ವರ್ಷ ಓದ್ತಿದ್ದಾಗಿನ ಆಗಸ್ಟ್, ಕುಮಾರಿ ತ್ರಾಯ್ಕೋವಾ. ಆ ವರ್ಷ ಮಾರ್ಚಿಂದ ಸೆಪ್ಟೆಂಬರ್ ತನಕ ಬುರೆಕ್ ಅಂಗಡೀಲಿ ಕೆಲಸ ಮಾಡಿದ್ದೀರಿ. ಎಲ್ಲಾ ತಿಂಗಳದ್ದೂ ವಿದ್ಯಾರ್ಥಿ ಚೀಟಿ ಇದೆ, ಆಗಸ್ಟ್ ಒಂದು ಖಾಲಿ. ನಿಮ್ಮ ರಜೆಗಳನ್ನೆಲ್ಲ ಕೂಡಿಸಿದ್ರೆ ದೇಶದಿಂದ ಹೊರಗಿದ್ದ ದಿನಗಳು ಮಿತಿಯ ಹತ್ತಿರಕ್ಕೆ ಬಂದಿವೆ. ಆಗಸ್ಟಲ್ಲೂ ಊರಿಗೆ ಹೋಗಿದ್ರಿ ಅಂದ್ರೆ ಮಿತಿ ದಾಟತ್ತೆ. ಇಲ್ಲೇ ಇದ್ರಿ ಅನ್ನೋದಕ್ಕೆ ಏನಾದ್ರೂ ಒಂದು ಕಾಗದ ತಂದ್ಬಿಡಿ. ಮಿಕ್ಕಿದ್ದೆಲ್ಲ ಸರಿಯಾಗಿದೆ."

ಮಿಕ್ಕಿದ್ದೆಲ್ಲ ಸರಿಯಾಗಿದೆಯಂತೆ! ನಿಜ ಹೇಳಬೇಕೆಂದರೆ ಆ ಏಳು ತಿಂಗಳಲ್ಲಿ ಸರಿಯಾಗಿದ್ದ ದಿನ ಒಂದೂ ಇರಲಿಲ್ಲ. ಆ ಮಾರ್ಚಿನಲ್ಲಿ ಮ್ಯಾಸಿಡೋನಿಯಾದ ಶ್ಟಿಪ್‌ನಲ್ಲಿ ನನ್ನ ಅಪ್ಪನಿಗೆ ಲಕ್ವ ಹೊಡೆಯಿತು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುವ ಅಮ್ಮನಿಗೆ ರಜೆ ಸಿಗಲಿಲ್ಲ. ಬಸ್ಸು ಹತ್ತಿ ಊರಿಗೆ ಹೋದ ನಾನು, ಅಪ್ಪ ಕೋಲು ಹಿಡಿದು ನಡೆಯುವಂತಾದ ಮೇಲೆ, ಅಕ್ಟೋಬರಿನಲ್ಲಿ, ಸ್ಲೊವೇನಿಯಾದ ಈ ಲುಬ್ಲಿಯಾನಾಕ್ಕೆ ಮರಳಿದೆ. ನಿವಾಸದ ಕಾರ್ಡ್ ಇದ್ದವರಿಗೆ ಗಡಿಯಲ್ಲಿ ಮುದ್ರೆ ಒತ್ತುವುದಿಲ್ಲ. ಹೋದದ್ದಕ್ಕೂ ಬಂದದ್ದಕ್ಕೂ ಎಲ್ಲಿಯೂ ಗುರುತಿಲ್ಲ. ಬುರೆಕ್ ಎಂಬ ಮಾಂಸ ತುಂಬಿದ ಪದರು ರೊಟ್ಟಿ ಮಾರುವ ಆ ಅಂಗಡಿಯಲ್ಲಿ ನನ್ನ ಹೆಸರಿನ ಚೀಟಿಯ ಮೇಲೆ ದುಡಿದವಳು ಹಾಜ್ರಾ ಚಿಕ್ಕಮ್ಮ.

ಈ ಊರಿನಲ್ಲಿ ವಿದ್ಯಾರ್ಥಿ ಚೀಟಿ ಎಂದರೆ ಮನೆಯ ಛತ್ರಿ ಇದ್ದ ಹಾಗೆ, ಹೊರಗೆ ಹೊರಟವರ ಕೈಗೆ ಹೋಗುತ್ತದೆ. ಓದುವವರಿಗೆ ಕೊಡುವ ಈ ಚೀಟಿ ಇದ್ದರೆ ಎಲ್ಲಿ ಬೇಕಾದರೂ ಕೆಲಸ ಮಾಡಬಹುದು. ತಮಗೆ ಬೇಡದ ತಿಂಗಳು ಅದನ್ನು ಅಮ್ಮನಿಗೆ ಕೊಡುತ್ತಾರೆ, ಮಾವನಿಗೆ ಕೊಡುತ್ತಾರೆ, ಪಕ್ಕದ ಮನೆಯವರಿಗೂ ಕೊಡುತ್ತಾರೆ. ಕಾನೂನಿಗೆ ತಪ್ಪು, ಊರಿಗೆ ಮಾಮೂಲು. ಹಾಜ್ರಾ ಚಿಕ್ಕಮ್ಮ ಬೋಸ್ನಿಯಾದ ತ್ಸಾಜಿನ್ ಕಡೆಯವಳು, ಗಂಡ ಸತ್ತ ಮೇಲೆ ಬಂದವಳು. ಫುಜಿನೆ ಬಡಾವಣೆಯ ಬಾಡಿಗೆ ಮನೆಯಲ್ಲಿ ನನ್ನ ಪಕ್ಕದ ಕೋಣೆಯಲ್ಲಿದ್ದಳು. ಕೆಲಸದ ಪರವಾನಗಿಗೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುತ್ತಿದ್ದಳು. ಊರಿಗೆ ಹೊರಟ ದಿನ ನನ್ನ ಚೀಟಿ, ಆರೋಗ್ಯ ಕಾರ್ಡ್ ಎರಡನ್ನೂ ಅವಳ ಕೈಗಿತ್ತೆ. ಹಿಂದೆ ಮುಂದೆ ಯೋಚಿಸಲಿಲ್ಲ. ಯಾರೂ ಯೋಚಿಸುವುದಿಲ್ಲ.

ಈಗ ಆ ಯೋಚನೆಯೆಲ್ಲ ಬಡ್ಡಿ ಸಮೇತ ತಲೆಯ ಮೇಲೆ ಬಂದು ಕುಳಿತಿತ್ತು. ಕಾಯಂ ನಿವಾಸಕ್ಕೆ ಐದು ವರ್ಷ ಬೇಕು. ಓದಿನ ವರ್ಷಗಳನ್ನು ಅರ್ಧಕ್ಕೆ ಹಿಡಿಯುತ್ತಾರೆ, ದುಡಿಮೆಯ ವರ್ಷಗಳನ್ನು ಪೂರ್ತಿ. ನಾಲ್ಕು ವರ್ಷ ಓದಿದ್ದೆ, ಅದು ಎರಡಾಯಿತು. ಮೂರು ವರ್ಷ ಆಹಾರ ಪರೀಕ್ಷೆಯ ಪ್ರಯೋಗಾಲಯದಲ್ಲಿ ದುಡಿದಿದ್ದೆ. ಸರಿಯಾಗಿ ಐದು. ಆದರೆ ನಡುವೆ ಒಂದೇ ಸಮನೆ ಆರು ತಿಂಗಳು ದೇಶ ಬಿಟ್ಟಿದ್ದರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ನಾನು ಏಳು ತಿಂಗಳು ಬಿಟ್ಟಿದ್ದವಳು. ಇನ್ನೊಂದು ವರ್ಷ ಕಾಯೋಣವೆಂದರೆ ಪ್ರಯೋಗಾಲಯ ಆ ತಿಂಗಳ ಕೊನೆಗೆ ಬಾಗಿಲು ಹಾಕುವುದಿತ್ತು, ನನ್ನ ಈಗಿನ ಕಾರ್ಡ್ ಆ ಕೆಲಸಕ್ಕೇ ಗಂಟು ಬಿದ್ದಿತ್ತು. ಕಾಯಂ ಕಾರ್ಡ್ ಸಿಕ್ಕರೆ ಯಾರ ಹಂಗೂ ಇಲ್ಲ. ಸಿಗದಿದ್ದರೆ ಬೇರೆ ಯಾರಾದರೂ ಕೆಲಸ ಕೊಟ್ಟು ಕಾಗದ ಹಾಕಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಎರಡು ತಿಂಗಳಿಂದ ಕೆಲಸ ಹುಡುಕಿ ನನ್ನ ಚಪ್ಪಲಿ ಸವೆದಿತ್ತು.

ಕಚೇರಿಯಿಂದ ನೇರವಾಗಿ ಮನೆಗೆ ಬಂದೆ. ಹಾಜ್ರಾ ಚಿಕ್ಕಮ್ಮ ಬಾಲ್ಕನಿಯಲ್ಲಿ ಕಬ್ಬಿಣದ ತಗಡು ಕಾಯಿಸಿ, ಅಮ್ಮ ಬಸ್ಸಿನಲ್ಲಿ ಕಳಿಸಿದ್ದ ಕೆಂಪು ದೊಣ್ಣೆಮೆಣಸಿನಕಾಯಿ ಸುಡುತ್ತಿದ್ದಳು. ಅಕ್ಟೋಬರ್ ಬಂತೆಂದರೆ ನಮ್ಮ ಕಡೆಯವರ ಬಾಲ್ಕನಿಗಳಲ್ಲೆಲ್ಲ ಇದೇ ವಾಸನೆ. ಚಳಿಗಾಲಕ್ಕೆ ಅಯ್ವರ್ ಚಟ್ನಿ ಅರೆದು ಬಾಟಲಿ ತುಂಬದಿದ್ದರೆ ನಿದ್ದೆ ಬರುವುದಿಲ್ಲ. ನಾನು ಪಕ್ಕದಲ್ಲಿ ಕುಳಿತು ಸಿಪ್ಪೆ ಸುಲಿಯುತ್ತ ಆಗಸ್ಟಿನ ಕತೆ ಹೇಳಿದೆ.

ಅವಳು ಸೌಟು ಎತ್ತಿಕೊಂಡು ಹಾಗೇ ನಿಂತಳು. "ನಾನು ಕೈ ಸುಟ್ಕೊಂಡಿದ್ದು ಆಗಸ್ಟಲ್ಲೇ ಅಲ್ವೇನೇ!"

ಒಳಗೆ ಹೋಗಿ ಬಿಸ್ಕತ್ತಿನ ಹಳೆ ಡಬ್ಬಿ ತಂದಳು. ಗಂಡನ ಫೋಟೋದ ಕೆಳಗೆ ನಾಲ್ಕಾಗಿ ಮಡಚಿದ ಆಸ್ಪತ್ರೆಯ ಕಾಗದ. ಡೆಸ್ಪಿನಾ ತ್ರಾಯ್ಕೋವಾ, ಇಪ್ಪತ್ತೊಂದು ವರ್ಷ, ಕೆಲಸದ ಜಾಗದಲ್ಲಿ ಅಪಘಾತ, ಎಡ ಮುಂಗೈಯಲ್ಲಿ ಆಳವಾದ ಸುಟ್ಟ ಗಾಯ. ಆಗಸ್ಟ್ ಮೂರರಿಂದ ಇಪ್ಪತ್ತೊಂಬತ್ತರ ತನಕ ಡ್ರೆಸ್ಸಿಂಗ್ ಬದಲಾಯಿಸಿದ ತಾರೀಕುಗಳು ಸಾಲಾಗಿ.

"ನೋಡು, ಚಿನ್ನದಂಥ ಕಾಗದ," ಎಂದಳು. "ಒಂದು ತಿಂಗಳು ಹಿಟ್ಟು ಮುಟ್ಟೋಕಾಗ್ಲಿಲ್ಲ ನಂಗೆ. ಅದಕ್ಕೇ ಆಗಸ್ಟ್ ಖಾಲಿ."

"ಚಿಕ್ಕಮ್ಮ, ಕೈ ತೋರ್ಸು ಅಂದ್ರೆ?"

"ಅದೇನು ಮದುವೆ ಹೆಣ್ಣಾ ನೀನು, ಕೈ ನೋಡೋಕೆ? ಉದ್ದ ತೋಳಿನ ಸ್ವೆಟರ್ ಹಾಕ್ಕೊಂಡು ಹೋಗು. ಚಳಿ ಬೇರೆ. ಆದ್ರೆ ಹೇಗಾಯ್ತು ಅಂತ ಕೇಳ್ತಾರೆ. ಕೂತ್ಕೋ, ಕಲಿ."

ಅವಳು ತಲೆವಸ್ತ್ರ ಬಿಗಿ ಮಾಡಿಕೊಂಡು ಅಧಿಕಾರಿಯಾದಳು. "ಹೇಗೆ ಸುಟ್ಕೊಂಡ್ರಿ?"

"ಒಲೆಯಿಂದ ಟ್ರೇ ತೆಗೀತಿದ್ದೆ..."

"ಯಾವ ಟ್ರೇ? ದುಂಡಗಿಂದಾ, ಚೌಕಂದಾ?"

"ಚೌಕ."

"ಬುರೆಕ್ಕು ಚೌಕದ ಟ್ರೇಲಿ ಯಾವಳು ಬೇಯಿಸ್ತಾಳೆ? ಮ್ಯಾಸಿಡೋನಿಯಾದ ಮಾನ ಕಳೀತೀಯ. ದುಂಡಗಿಂದು. ಕೆಳಗಿನ ಗೂಡಿಂದ ತೆಗೀತಿದ್ದೆ. ಅಷ್ಟರಲ್ಲಿ ಮೇಲಿನ ಬಾಗಿಲು ಯಾರೋ ತೆಗೆದ್ರು. ಟ್ರೇ ವಾಲ್ತು. ಕುದೀತಿದ್ದ ಕೊಬ್ಬು ಇಲ್ಲಿಂದ ಇಲ್ಲಿ ತನಕ ಇಳೀತು." ಅವಳು ತೋಳು ಸರಿಸಿ ತೋರಿಸಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಸುಕ್ಕಾಗಿ, ಹೊಳೆಯುತ್ತ ಇತ್ತು. ಐದು ವರ್ಷದಿಂದ ದಿನಾ ನೋಡುತ್ತಿದ್ದೆ. ಅದರ ಕತೆಯನ್ನು ಒಮ್ಮೆಯೂ ಕೇಳಿರಲಿಲ್ಲ.

"ಕೂಗ್ಕೊಂಡ್ಯಾ?" ಎಂದೆ.

"ಅದೇ ಕಷ್ಟ ಆಗಿದ್ದು ಕಣೇ. ಕೂಗೋ ಹಾಗಿಲ್ಲ. ನೋವಲ್ಲಿ ನಮ್ಮ ಬೋಸ್ನಿಯಾ ಭಾಷೆ ಬಾಯಿಗೆ ಬಂದುಬಿಟ್ರೆ? ಆಸ್ಪತ್ರೇಲಿ ನರ್ಸು, ಡೆಸ್ಪಿನಾ ತ್ರಾಯ್ಕೋವಾ, ಇಪ್ಪತ್ತೊಂದಾ ಅಂದ್ಳು. ನನ್ನ ಬಿಳಿ ಕೂದಲು ನೋಡಿದ್ಳು. ನಾನು ಹೂಂ ಅಂದೆ. ಅವಳು ಹಾಗೇ ಬರ್ಕೊಂಡು, ಕೂತ್ಕೋಮ್ಮಾ ಅಂದ್ಳು. ಸೂಜಿ ಚುಚ್ಚಿದ್ಳು. ಮನೆಗೆ ಬಂದು ದಿಂಬು ಕಚ್ಕೊಂಡು ಅತ್ತೆ. ಅದನ್ನ ಹೇಳ್ಬೇಡ ಅಲ್ಲಿ."

ನಾಚಿಕೆಯೂ ಆಯಿತು, ಯಾಕೋ ಸಿಟ್ಟೂ ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಎದುರಿಗೆ ತಗಡು ಕೆಂಪಗೆ ಕಾದಿತ್ತು. ಸ್ವೆಟರಿನ ತೋಳು ಮೇಲೇರಿಸಿ ಎಡಗೈಯನ್ನು ಅದರ ಮೇಲಕ್ಕೆ ಒಯ್ದೆ. ನಿಜವಾಗಿಯೂ ಇಟ್ಟುಬಿಡುತ್ತಿದ್ದೆನೋ ಏನೋ. ಸೌಟಿನಿಂದ ಮಣಿಕಟ್ಟಿಗೆ ಫಟ್ಟನೆ ಬಿತ್ತು.

"ತಲೆ ಕೆಟ್ಟಿದ್ಯಾ? ಐದು ವರ್ಷದ ಕಲೆ ಬೇಕಾಗಿರೋದು. ಇವತ್ತಿನ ಬೊಬ್ಬೆ ತಗೊಂಡು ಹೋದ್ರೆ ನಿನ್ನ ಪೊಲೀಸ್ಗೆ ಕೊಡಲ್ಲ, ಹುಚ್ಚಾಸ್ಪತ್ರೆಗೆ ಕೊಡ್ತಾರೆ. ಸುಲಿ ಸುಮ್ನೆ."

ಇಬ್ಬರಿಗೂ ನಗು ಬಂತು. ಅವಳ ನಗು ಬೇಗ ನಿಂತಿತು. "ಒಂದು ಮಾತು. ನನ್ನ ಹೆಸರು ಮಾತ್ರ ಎತ್ಬೇಡ ಮಗಳೇ. ಈ ಪರವಾನಗಿ ಎಷ್ಟು ಕಷ್ಟದಲ್ಲಿ ಸಿಕ್ಕಿದೆ ಅಂತ ನಿಂಗೇ ಗೊತ್ತು. ಸುಳ್ಳು ಹೆಸರಲ್ಲಿ ದುಡಿದೋಳು ಅಂತ ಬಂದ್ರೆ ಮರುದಿನ ಗಡಿ ದಾಟಿಸ್ತಾರೆ."

"ಎತ್ತಲ್ಲ," ಎಂದೆ.

ಅವಳಿಗೆ ಈಗ ಸ್ವಂತ ಪರವಾನಗಿ ಇತ್ತು, ಅದೇ ಅಂಗಡಿಯಲ್ಲೇ ಕೆಲಸ. ಆದರೆ ಅಂಗಡಿಯ ಮಾಲೀಕ ರಮಿಜ್‌ನಿಂದ ಹಿಡಿದು ಎಲ್ಲರೂ ಅವಳನ್ನು ಇವತ್ತಿಗೂ ಡೆಸ್ಪಿನಾ ಎಂದೇ ಕೂಗುತ್ತಿದ್ದರು. ತಪಾಸಣೆಯವರು ಬಂದಾಗ ಬಾಯಿ ತಪ್ಪಬಾರದೆಂದು ಆಗ ರೂಢಿ ಮಾಡಿಕೊಂಡದ್ದು, ಆಮೇಲೆ ಬಿಡಲಾಗಲಿಲ್ಲ.

ವಾರ ಕಳೆದು ಮತ್ತೆ ಕೊಗೊಯ್ ಮೇಡಂ ಎದುರು ಕುಳಿತೆ. ದಪ್ಪ ಉಣ್ಣೆಯ ಸ್ವೆಟರ್, ತೋಳು ಬೆರಳ ಬುಡದವರೆಗೆ. ಕಚೇರಿಯಲ್ಲಿ ಹೀಟರ್ ಹಾಕಿದ್ದರು. ಬೆನ್ನಲ್ಲಿ ಬೆವರು ಇಳಿಯುತ್ತಿತ್ತು. ಆಸ್ಪತ್ರೆಯ ಕಾಗದವನ್ನು ಅವರು ಮೇಲಿನಿಂದ ಕೆಳಗೆ ಓದಿದರು, ಮತ್ತೆ ಮೇಲಿನಿಂದ ಓದಿದರು.

"ಅಯ್ಯೋ," ಎಂದರು. ಅಧಿಕಾರಿಯ ದನಿಯಲ್ಲ ಅದು. "ನಮ್ಮಮ್ಮ ಶಾಲೆಯ ಅಡುಗೆಮನೇಲಿ ಕೆಲಸ ಮಾಡ್ತಿದ್ರು. ಬಿಸಿ ಎಣ್ಣೆ ಏನು ಮಾಡತ್ತೆ ಅಂತ ನಂಗೆ ಗೊತ್ತು. ಹೇಗಾಯ್ತು?"

ಹೇಳಿದೆ. ಕೆಳಗಿನ ಗೂಡು, ದುಂಡಗಿನ ಟ್ರೇ, ಮೇಲಿನ ಬಾಗಿಲು, ವಾಲಿದ್ದು, ಕೊಬ್ಬು ಇಳಿದದ್ದು. ಚೆನ್ನಾಗಿಯೇ ಹೇಳಿದೆ; ಒಂದು ಕಡೆಯೂ ತಡವರಿಸಲಿಲ್ಲ. ಅವರ ಕಣ್ಣಿನಲ್ಲಿ ಮರುಕ ಕಂಡಿತು. ಆ ಮರುಕ ಹಾಜ್ರಾ ಚಿಕ್ಕಮ್ಮನದು. ಅದನ್ನು ನಡುವೆ ನಿಂತು ನುಂಗುತ್ತಿದ್ದೇನೆ ಎನ್ನಿಸಿತು. ಆದರೂ ಬಾಯಿ ನಿಲ್ಲಲಿಲ್ಲ. ಕಾರ್ಡ್ ಅಷ್ಟು ಹತ್ತಿರದಲ್ಲಿತ್ತು.

"ಈಗ ನೋವಿಲ್ಲ ತಾನೇ?"

"ಇಲ್ಲ ಮೇಡಂ."

"ಒಳ್ಳೇದು." ಕಡತದ ಮೇಲೆ ಮುದ್ರೆ ಬಿತ್ತು. "ಆಗಸ್ಟ್ ಸರಿಹೋಯ್ತು. ಬೆರಳಚ್ಚು ಕೊಟ್ಬಿಡಿ, ಆಮೇಲೆ ನಾನು ಆದೇಶಕ್ಕೆ ಸಹಿ ಹಾಕ್ತೀನಿ. ಮೊದ್ಲು ಎಡಗೈ ತೋರುಬೆರಳು."

ಮೇಜಿನ ಮೇಲಿನ ಪುಟ್ಟ ಗಾಜಿನ ಮೇಲೆ ಬೆರಳಿಟ್ಟೆ. ಯಂತ್ರ ಕುಂಯ್ ಎಂದಿತು. ಕೆಂಪು ದೀಪ.

"ಉಣ್ಣೆ ಅಡ್ಡ ಬರ್ತಿದೆ. ತೋಳು ಸ್ವಲ್ಪ ಹಿಂದೆ ಮಾಡಿ."

ಒಂದು ಬೆರಳಗಲ ಸರಿಸಿದೆ. ಮತ್ತೆ ಕುಂಯ್. ಇನ್ನೊಂದು ಬೆರಳಗಲ. ಸ್ವೆಟರ್ ಸಡಿಲವಾಗಿತ್ತು, ಕೈ ಚಾಚಿದೊಡನೆ ಮತ್ತೆ ಬೆರಳ ಮೇಲೆ ಜಾರುತ್ತಿತ್ತು. ಬಲಗೈಯಿಂದ ಮಣಿಕಟ್ಟಿನ ಬಳಿ ಬಿಗಿಯಾಗಿ ಹಿಡಿದುಕೊಂಡೆ. ಯಂತ್ರ ಮತ್ತೆ ಒಪ್ಪಲಿಲ್ಲ.

"ತಾಳಿ, ತಾಳಿ," ಎಂದು ಕೊಗೊಯ್ ಮೇಡಂ ಎದ್ದು ಮೇಜಿನ ಆಚೆಯಿಂದ ಬಾಗಿದರು. ಊಟಕ್ಕೆ ಮೊದಲು ಮಗುವಿಗೆ ಕೈ ತೊಳೆಸುವ ತಾಯಿಯಂತೆ, ನನ್ನ ಸ್ವೆಟರಿನ ತೋಳನ್ನು ಒಂದೇ ಸಲಕ್ಕೆ ಮೊಣಕೈ ದಾಟಿಸಿ ಮಡಚಿದರು. ಯಂತ್ರ ಹಸಿರು ದೀಪ ತೋರಿಸಿತು.

ಅವರು ಕುಳಿತುಕೊಳ್ಳಲಿಲ್ಲ. ನನ್ನ ಮುಂಗೈ ನೋಡುತ್ತಿದ್ದರು. ಬೆಳ್ಳಗೆ, ನುಣ್ಣಗೆ, ಒಂದು ಮಚ್ಚೆ ಬಿಟ್ಟರೆ ಏನೂ ಇಲ್ಲ. ಆಮೇಲೆ ಕಾಗದ ನೋಡಿದರು. ಎಡ ಎಂದು ಬರೆದಲ್ಲಿ ಅವರ ಬೆರಳು ನಿಂತಿತು.

"ಬಲಗೈ ಕೊಡಿ."

ಕೊಟ್ಟೆ. ಆ ತೋಳನ್ನೂ ಅವರೇ ಮಡಚಿದರು. ಆ ಕೈಯೂ ನುಣ್ಣಗಿತ್ತು. ಈ ಸಲ ಬೆರಳನ್ನು ಗಾಜಿನ ಮೇಲಿಡಲು ಹೇಳಲಿಲ್ಲ.

"ಎಷ್ಟು ತಿಂಗಳು ಇಲ್ಲಿರ್ಲಿಲ್ಲ?"

ಸುಳ್ಳು ಹೇಳಲು ಇನ್ನೇನೂ ಉಳಿದಿರಲಿಲ್ಲ. "ಏಳು," ಎಂದೆ. "ಅಪ್ಪನಿಗೆ ಲಕ್ವ ಹೊಡೆದಿತ್ತು."

"ಈ ಕಾಗದದಲ್ಲಿರೋ ಕೈ ಯಾರದು?"

"ಹೇಳಲ್ಲ ಮೇಡಂ."

"ನೀವು ಹೇಳದಿದ್ರೆ ಅರ್ಜಿ ತಿರಸ್ಕರಿಸಿ ಕಾರಣ ಬರೀಬೇಕು ನಾನು. ಬರೆದ್ರೆ ಆಸ್ಪತ್ರೆಗೆ ಕೇಳ್ತಾರೆ, ಅಂಗಡಿಗೆ ಹೋಗ್ತಾರೆ. ಎರಡು ದಿನದಲ್ಲಿ ಆ ಕೈ ಸಿಗತ್ತೆ. ಅಂಥ ಕಲೆ ಅಡಗಿಸಿಡೋಕಾಗಲ್ಲ."

ಅವರು ಹೆದರಿಸುತ್ತಿರಲಿಲ್ಲ, ಇದ್ದದ್ದನ್ನು ಹೇಳುತ್ತಿದ್ದರು. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಬಾಲ್ಕನಿಯಲ್ಲಿ ನಿಂತು ನನ್ನ ಹೆಸರು ಎತ್ಬೇಡ ಮಗಳೇ ಎಂದವಳು ಆ ಹೊತ್ತಿಗೆ ಕೆಳಗೆ ಕಚೇರಿಯ ಎದುರಿನ ಬೆಂಚಿನ ಮೇಲೆ ಕುಳಿತಿದ್ದಳು, ಅರ್ಧ ದಿನ ರಜೆ ಹಾಕಿ. ಇವರು ಕಿಟಕಿಯ ಬಳಿ ಹೋಗಿ ಬಗ್ಗಿ ನೋಡಿದರೆ ಸಾಕಿತ್ತು.

ಏಳು ವರ್ಷ ಸರದಿಯಲ್ಲಿ ನಿಂತವಳಿಗೆ ಸರದಿಯ ಬುದ್ಧಿ ಒಂದಿಷ್ಟಾದರೂ ಬಂದಿರುತ್ತದೆ. ತಿರಸ್ಕರಿಸಿದ ಅರ್ಜಿಗೆ ಕಾರಣ ಬೇಕು. ಹಿಂತೆಗೆದುಕೊಂಡ ಅರ್ಜಿಗೆ ಬೇಡ.

"ಮೇಡಂ, ಸಹಿ ಹಾಕಿಲ್ಲ ಅಲ್ವಾ ಇನ್ನೂ?"

"ಇಲ್ಲ."

"ಹಾಗಾದ್ರೆ ನಾನು ಅರ್ಜಿ ವಾಪಸ್ ತಗೋತೀನಿ."

ಕೊಗೊಯ್ ಮೇಡಂ ಕುಳಿತರು. ಅವರು ಬೇಡವೆನ್ನಬಹುದಿತ್ತು. ಫೋನ್ ಎತ್ತಬಹುದಿತ್ತು. ಕೊನೆಗೆ ಡ್ರಾಯರ್ ಎಳೆದು ಒಂದು ಹಾಳೆ ತೆಗೆದು ನನ್ನ ಕಡೆ ತಳ್ಳಿದರು.

"ಕೆಲಸಾನೂ ಹೋಗ್ತಿದೆ ಅಂತ ಕಡತದಲ್ಲಿದೆ."

"ಹೌದು."

"ಈ ಹಾಳೆ ತುಂಬಿದ್ರೆ ಕೈಲಿ ಏನೂ ಇರಲ್ಲ ನಿಮಗೆ. ಗೊತ್ತಲ್ಲ?"

"ಗೊತ್ತು."

ತುಂಬಿದೆ. ಹೆಸರು, ಹುಟ್ಟಿದ ದಿನ, ಹಿಂತೆಗೆದುಕೊಳ್ಳುತ್ತೇನೆ ಎಂಬ ಒಂದು ಸಾಲು. ಅಕ್ಷರ ವಕ್ರವಾಗಿ ಬಂತು. ಅವರು ಅದನ್ನು ಕಡತದ ಮೇಲೆ ಚುಚ್ಚಿ, ಒಳಗಿಂದ ಆಸ್ಪತ್ರೆಯ ಕಾಗದವನ್ನು ಹೊರಗೆ ತೆಗೆದು ನನಗೆ ಕೊಟ್ಟರು.

"ಅರ್ಜಿ ಜೊತೆ ಕೊಟ್ಟಿದ್ದು, ಅರ್ಜಿ ಜೊತೆ ವಾಪಸ್. ಎಣಿಕೆ ನೀವು ಮರಳಿ ಬಂದ ಅಕ್ಟೋಬರಿಂದ. ಮುಂದಿನ ಅಕ್ಟೋಬರ್ ಹೊತ್ತಿಗೆ ಐದಾಗತ್ತೆ, ಅಲ್ಲಿ ತನಕ ಇಲ್ಲಿದ್ರೆ. ಈ ಕಾಗದ ಯಾರದೋ ಅವರಿಗೆ ತಲುಪಿಸಿ." ಕನ್ನಡಕ ಏರಿಸಿಕೊಂಡು ಬಾಗಿಲ ಕಡೆ ನೋಡಿ ಕೂಗಿದರು, "ಮುಂದಿನವರು!"

ಬೆಂಚಿನ ಮೇಲೆ ಹಾಜ್ರಾ ಚಿಕ್ಕಮ್ಮ ಕಾಗದದಲ್ಲಿ ಸುತ್ತಿದ ಬುರೆಕ್ ಹಿಡಿದು ಕುಳಿತಿದ್ದಳು, ಸಂತೋಷಕ್ಕೆ ತಿನ್ನೋಣವೆಂದು ತಂದದ್ದು. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. ಆದದ್ದೆಲ್ಲ ಹೇಳಿದೆ. ಅವಳು ಸಮಾಧಾನ ಮಾಡಲಿಲ್ಲ, ಬೈದಳು.

"ಜೋಲು ಸ್ವೆಟರ್ ಹಾಕ್ಕೊಂಡು ಹೋಗು ಅಂತ ಯಾರು ಹೇಳಿದ್ದು ನಿಂಗೆ? ಬಿಗಿಯಾಗಿರೋ ಒಂದು ಅಂಗಿ ಇರ್ಲಿಲ್ವಾ ಮನೇಲಿ? ಓದಿದೋಳು ಅಂತೆ! ಹಾಳೆ ಬೇರೆ ತುಂಬಿ ಬಂದ್ಳು, ಮಹಾರಾಣಿ! ನನ್ನ ಹೆಸರು ಹೇಳಿ ನಿನ್ನ ಪಾಡು ನೀನು ನೋಡ್ಕೋಬಾರ್ದಿತ್ತಾ?"

"ಎತ್ಬೇಡ ಅಂದಿದ್ದು ನೀನೇ ಅಲ್ವಾ."

"ಅಂದೆ ಕಣೇ. ಹೆದರಿಕೊಂಡು ಅಂದೆ." ಅವಳ ದನಿ ಒಡೆಯಿತು. ಆಸ್ಪತ್ರೆಯ ಕಾಗದವನ್ನು ಮಡಿಲಲ್ಲಿಟ್ಟುಕೊಂಡು, ಆ ದಿನ ಕೂಗದೆ ಉಳಿಸಿಕೊಂಡಿದ್ದನ್ನೆಲ್ಲ ಈಗ ಬೀದಿಯಲ್ಲಿ ಕುಳಿತು ಅತ್ತಳು. ಹೋಗಿ ಬರುವವರು ತಿರುಗಿ ನೋಡಿದರು. ನಾನೂ ಅತ್ತೆ. ಆಮೇಲೆ ಹಸಿವಾಯಿತು, ಆರಿದ ಬುರೆಕ್ಕನ್ನು ಇಬ್ಬರೂ ತಿಂದೆವು.

ತಿಂದು ಕೈ ಒರೆಸಿಕೊಂಡು ಅವಳು ಎದ್ದಳು. "ನಡಿ."

"ಎಲ್ಲಿಗೆ?"

"ರಮಿಜ್‌ಗೆ ಒಬ್ಬರು ಬೇಕಾಗಿದ್ದಾರೆ. ಒಂದು ತಿಂಗಳಿಂದ ಗೋಳಾಡ್ತಿದ್ದಾನೆ. ಕಾಗದ ಹಾಕ್ತಾನಾ ಇಲ್ವಾ ಅಂತ ಮುಖಕ್ಕೆ ಮುಖ ಕೊಟ್ಟು ಕೇಳೋಣ."

ರಮಿಜ್ ಟೆಟೊವೊದವನು, ನಮ್ಮ ದೇಶದವನೇ. ಹಿಟ್ಟಿನ ಕೈ ಏಪ್ರನ್ನಿಗೆ ಒರೆಸುತ್ತ ನಮ್ಮ ಮಾತನ್ನು ಪೂರ್ತಿ ಕೇಳಿದ. ಆಹಾರ ಪರೀಕ್ಷಿಸುವ ಪದವಿ ಪಡೆದವಳು ಹಿಟ್ಟು ಲಟ್ಟಿಸಲು ಬಂದದ್ದಕ್ಕೆ ನಗಲಿಲ್ಲ, ಅದಕ್ಕೆ ನಾನು ಇವತ್ತಿಗೂ ಋಣಿ. ಕಾಗದ ನಾಳೆಯೇ ಹಾಕುತ್ತೇನೆಂದ. ಆದರೆ ತಲೆ ಕೆರೆದುಕೊಂಡ.

"ಒಂದೇ ತೊಂದರೆ ತಂಗೀ. ಕಾಗದದಲ್ಲಿ ಏನೇ ಇರ್ಲಿ, ಇಲ್ಲಿ ಆಗ್ಲೇ ಒಬ್ಬಳು ಡೆಸ್ಪಿನಾ ಇದ್ದಾಳೆ. ಐದು ವರ್ಷದಿಂದ ಇದ್ದಾಳೆ. ನಾನು ಡೆಸ್ಪಿನಾ ಅಂತ ಕೂಗಿದ್ರೆ ಇವಳು ತಿರುಗ್ತಾಳೆ."

ಒಳಗಿದ್ದವರು ನಕ್ಕರು. ಹಾಜ್ರಾ ಚಿಕ್ಕಮ್ಮ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು, ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ. "ಹೆಸರು ಬಿಟ್ಕೊಡ್ತೀನಿ ಬಿಡೋ, ನಿಜವಾದೋಳು ಬಂದಾಯ್ತಲ್ಲ," ಎಂದಳು.

"ಬೇಡ," ಎಂದೆ. "ಇಲ್ಲಿ ಅದು ನಿಂದೇ. ನನ್ನ ಹಾಜ್ರಾ ಅಂತ ಕರೀಲಿ."

ಹೊಸ ಕಾರ್ಡ್ ಬಂದ ಮೇಲಿನ ಸೋಮವಾರ ಬೆಳಗಿನ ಜಾವ ಕೆಲಸಕ್ಕೆ ಹೋದೆ. ಅವಳು ಮೊದಲು ಹಿಟ್ಟು ತೋರಿಸಲಿಲ್ಲ, ಒಲೆ ತೋರಿಸಲಿಲ್ಲ. ಹಳೆಯ ದಪ್ಪ ಬಟ್ಟೆಯೊಂದನ್ನು ಹರಿದು ನನ್ನ ಎಡಗೈಗೆ, ಮಣಿಕಟ್ಟಿನಿಂದ ಮೊಣಕೈವರೆಗೆ, ಬಿಗಿಯಾಗಿ ಸುತ್ತಿ ಗಂಟು ಹಾಕಿದಳು. ಗಂಟು ಗಟ್ಟಿಯಾಗಿದೆಯೇ ಎಂದು ಎರಡು ಸಲ ಎಳೆದು ನೋಡಿದಳು.

"ಹಾಜ್ರಾ, ಕೆಳಗಿನ ಟ್ರೇ!" ಎಂದು ರಮಿಜ್ ಕೂಗಿದ.

"ಬಂದೆ," ಎಂದು ನಾನು ಒಲೆಯ ಕಡೆ ಹೋದೆ. ಮೇಲಿನ ಬಾಗಿಲನ್ನು ಯಾರೂ ತೆಗೆಯದಂತೆ ಡೆಸ್ಪಿನಾ ಕೈ ಅಡ್ಡ ಇಟ್ಟು ನಿಂತಿದ್ದಳು.